ಒಂದೇ ಹೆಸರು, ಎರಡು ತಲೆ

ಯೋಗರಾಜನ ಕಷ್ಟಕ್ಕೆಲ್ಲ ಕಾರಣ ಪರಮೇಶ್ವರಪ್ಪನವರ ತಲೆ. ಭದ್ರಾವತಿಯ ಹಳೇನಗರದಲ್ಲಿ ಅವನು ಬ್ಯಾನರ್ ಮಾಡುವ ಕೆಲಸಕ್ಕಿದ್ದ ಗಣಪಯ್ಯನವರ ಪ್ರೆಸ್ಸಿನಲ್ಲಿ, ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಬ್ಯಾನರ್ ತೆರೆದರೆ ಆ ತಲೆ ಬೋಳಾಗಿ ಹೊಳೆಯುತ್ತಿತ್ತು. ಒಳಕೋಣೆಯ ಕಂಪ್ಯೂಟರಿನಲ್ಲಿ ಅದೇ ಬ್ಯಾನರ್ ತೆರೆದರೆ ತಲೆತುಂಬ ಕೂದಲು, ಜೊತೆಗೆ ಹುರಿ ಮಾಡಿದ ಮೀಸೆ.

ಮುಂದಿನದು ವಿಂಡೋಸ್, ಒಳಗಿನದು ಮ್ಯಾಕ್. ಎರಡಕ್ಕೂ ಉಗ್ರಾಣದಂತೆ ಮೂಲೆಯಲ್ಲಿ ಪರದೆಯಿಲ್ಲದ ಮೂರನೆಯ ಕಂಪ್ಯೂಟರ್, ಒಂದು ಲೀನಕ್ಸ್ ಪೆಟ್ಟಿಗೆ. ಬ್ಯಾನರಿನ ಪುಟದೊಳಗೆ ಫೋಟೋ ಇರುವುದಿಲ್ಲ. ‘ಉಗ್ರಾಣದಲ್ಲಿ ಇಂಥ ಹೆಸರಿನದೊಂದಿದೆ, ತಂದು ತೋರಿಸು’ ಎಂಬ ಸೂಚನೆಯಷ್ಟೇ ಇರುತ್ತದೆ. ಎರಡು ಯಂತ್ರಗಳೂ ಒಂದೇ ಸೂಚನೆ ಓದಿ ಬೇರೆ ಬೇರೆ ತಲೆ ತರುತ್ತಿದ್ದವು.

ತಲೆಗಳು ಎಲ್ಲಿಂದ ಬಂದವೆಂಬುದೇನೋ ಅವನಿಗೆ ಗೊತ್ತಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಪರಮೇಶ್ವರಪ್ಪನವರಿಗೆ ಅಂದು ಸಂಜೆ ಶಿವಮೊಗ್ಗದ ಗೋಪಾಳದಲ್ಲಿ ಸನ್ಮಾನ. ಅವರು ತಮ್ಮ ಈಚಿನ ಫೋಟೋ ಕೊಟ್ಟುಹೋಗಿದ್ದರು. ಹಿಂದಿನ ದಿನ ಅವರ ಹೆಂಡತಿ ಕರಿಬಸಮ್ಮ ಸೆರಗಿನಲ್ಲಿ ಇನ್ನೊಂದು ಫೋಟೋ ಮುಚ್ಚಿಕೊಂಡು ಬಂದಿದ್ದರು.

“ಆ ಬೋಳುತಲೆ ಬೇಡಪ್ಪ. ನಮ್ಮ ತೌರುಮನೆಯೋರೆಲ್ಲ ಬರ್ತಾರೆ. ಇದು ನಮ್ಮ ಮದುವೆ ಟೈಮಿಂದು, ಇದೇ ಹಾಕು. ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡ.”

ಯಾರಿಗೂ ಇಲ್ಲವೆನ್ನಲಾರದ ಯೋಗರಾಜ ಒಳಕೋಣೆಯಲ್ಲಿ ಕೂತು ಅದನ್ನು ಮೊದಲು ಬಂದ ಫೋಟೋದ ಹೆಸರಿನಲ್ಲೇ ಉಳಿಸಿದ್ದ. ಮೊದಲಿನದು ಅಳಿದುಹೋಗಬೇಕಿತ್ತು. ಹೋಗಿರಲಿಲ್ಲ.

ಬೆಳಗಿನಿಂದ ಅವನು ಎರಡೂ ಕೋಣೆಗಳ ನಡುವೆ ಮಗ್ಗದ ಲಾಳಿಯಂತೆ ಓಡಾಡಿದ. ಯಂತ್ರಗಳನ್ನು ಆರಿಸಿ ಹಾಕಿದ. ಹೊರಗೆ ಬೋಳು, ಒಳಗೆ ಕೂದಲು. ಕೊನೆಗೆ ತನ್ನ ತಲೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡ.

ಪಕ್ಕದಲ್ಲೇ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ಭೂತಪ್ಪ, ಯಾರೂ ಕರೆಯದಿದ್ದರೂ ಟೆಸ್ಟರ್ ಹಿಡಿದು ಬಂದ. ಎರಡೂ ಕೋಣೆ ನೋಡಿದ. ನಡುವೆ ಲೀನಕ್ಸ್ ಪೆಟ್ಟಿಗೆಯಿಂದ ಬರುವ ವೈರಿನ ಮೇಲೆ ನಾಡಿ ಹಿಡಿಯುವವನಂತೆ ಬೆರಳಿಟ್ಟ.

“ಒಳಗೆ ಕೂದ್ಲು ಐತೆ, ಹೊರಗೆ ಇಲ್ಲ. ಅಂದ್ರೆ ದಾರೀಲಿ ಉದುರ್ತಾ ಐತೆ. ವೈರ್ ಲೀಕು ಮಾರಾಯ.”

“ಕೂದ್ಲು ವೈರಲ್ಲಿ ಉದುರಲ್ಲ ಭೂತಪ್ಪಣ್ಣ.”

“ಕರೆಂಟೇ ಸೋರಿ ಹೋಗ್ತದೆ, ಕೂದ್ಲು ಯಾವ ಲೆಕ್ಕ?”

ಬೇಡ ಬೇಡ ಎನ್ನುವಷ್ಟರಲ್ಲಿ ಭೂತಪ್ಪ ವೈರನ್ನು ಕತ್ತರಿಸಿ, ತಿರುಚಿ, ಟೇಪು ಸುತ್ತಿಯೇಬಿಟ್ಟ. ಈಗ ಎರಡೂ ಪರದೆಗಳಲ್ಲಿ ತಲೆಯೇ ಇಲ್ಲ. ತಲೆಯಿದ್ದಲ್ಲಿ ಒಂದು ಖಾಲಿ ಚೌಕ, ಅದರ ಮೇಲೆ ದೊಡ್ಡ ಇಂಟು ಗುರುತು.

ಆಗಲೇ ಗಣಪಯ್ಯ ಒಳಗೆ ಬಂದರು. “ಏನೋ ಇದು? ಇದ್ದ ತಲೇನೂ ತೆಗೆದ್ಯಲ್ಲೋ! ಪರಮೇಶ್ವರಪ್ಪನೋರು ಮುನಿಸಿಕೊಂಡ್ರೆ ನ್ಯೂ ಟೌನ್ ಕಡೆಯಿಂದ ಬರೋ ಪ್ರಿಂಟಿಂಗ್ ಕೆಲಸ ಎಲ್ಲ ಹೋಯ್ತು ಅಂತ ತಿಳ್ಕೋ. ಈಗ ಗಂಡ ಹೆಂಡ್ತಿ ಇಬ್ರೂ ನೋಡೋಕೆ ಬರ್ತಿದಾರೆ!”

ಯೋಗರಾಜ ಹೊಸ ವೈರು ಸಿಕ್ಕಿಸಿ ಬೆವರು ಒರೆಸಿಕೊಳ್ಳುವುದಕ್ಕೂ ದಂಪತಿ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಪರಮೇಶ್ವರಪ್ಪ ಮುಂದಿನ ಕೋಣೆಯಲ್ಲೇ ಕುರ್ಚಿ ಎಳೆದು ಕೂತರು. ಬೋಳುತಲೆ ಪರದೆಯ ಮೇಲೆ ಬಂತು. “ಭೇಷ್! ಇರೋ ಹಂಗೇ ಇದೀನಿ.” ಕರಿಬಸಮ್ಮ ಯೋಗರಾಜನಿಗೆ ಕಣ್ಸನ್ನೆ ಮಾಡಿ ಒಳಕೋಣೆಗೆ ಹೋಗಿ ನೋಡಿದರು. “ಅಯ್ಯೋ, ಎಷ್ಟು ಚೆಂದ ಇದ್ರು!” ಎಂದು ಕೆನ್ನೆಗೆ ಕೈಯಿಟ್ಟರು.

“ನೋಡಿದ್ಯೇನೇ? ಒಪ್ಪಿಗೇನಾ?”

“ಒಪ್ಪಿಗೆ ರೀ. ನಿಮಗೆ?”

“ನನಗೂ ಒಪ್ಪಿಗೆ.”

ತಾನೇ ಗೆದ್ದೆನೆಂಬ ಸಂತೋಷದಲ್ಲಿ ಇಬ್ಬರೂ ಹೊರಟುಹೋದರು.

“ಇಬ್ರೂ ಖುಷಿಯಾಗಿ ಹೋದ್ರಲ್ಲ, ಇನ್ನೇನು ನಿಂದು?” ಎಂದ ಭೂತಪ್ಪ.

“ಕಂಪ್ಯೂಟರ್ ಎರಡು ಇರಬಹುದು ಅಣ್ಣ, ಬ್ಯಾನರ್ ಒಂದೇ ಅಲ್ವಾ!”

ಬೇರೆ ದಾರಿ ಕಾಣದೆ ಯೋಗರಾಜ ಲೀನಕ್ಸ್ ಪೆಟ್ಟಿಗೆಗೇ ಒಂದು ಪರದೆ ಜೋಡಿಸಿದ. ಅಲ್ಲಿ ಎರಡು ಫೋಟೋಗಳೂ ಅಣ್ಣತಮ್ಮಂದಿರಂತೆ ಪಕ್ಕಪಕ್ಕ ಕೂತಿದ್ದವು. ಹೆಸರು ಒಂದೇ. ಆದರೆ ಒಂದರ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು, ಇನ್ನೊಂದರದು ಚಿಕ್ಕದು. ಉಳಿದ ಯಂತ್ರಗಳಿಗೆ ಅಕ್ಷರ ದೊಡ್ಡದಾದರೇನು, ಚಿಕ್ಕದಾದರೇನು; ತಮತಮಗೆ ಮೊದಲು ಸಿಕ್ಕಿದ್ದನ್ನು ತರುತ್ತಿದ್ದವು. ಲೀನಕ್ಸಿಗೆ ಮಾತ್ರ ಅವು ಎರಡು ಬೇರೆ ಬೇರೆ ಹೆಸರು.

“ನೋಡು, ಕನ್ನಡದಲ್ಲಿ ದೊಡ್ಡ ಅ, ಸಣ್ಣ ಅ ಅಂತ ಐತಾ?” ಎಂದ ಭೂತಪ್ಪ. “ಅಕ್ಷರದಲ್ಲೂ ಮೇಲು ಕೀಳು ಮಾಡಿದ್ರೆ ಹಿಂಗೇ ಆಗೋದು.”

ಕಾರಣ ತಿಳಿದರೂ ಗೊಂದಲ ತೀರಲಿಲ್ಲ. ಯಾವುದನ್ನು ಅಳಿಸುವುದು? ಗಂಡನ ತಲೆಯನ್ನೋ, ಹೆಂಡತಿಯ ಆಸೆಯನ್ನೋ? ಮೌಸಿನ ಮೇಲೆ ಕೈಯಿಟ್ಟ ಯೋಗರಾಜನಿಗೆ ಥಟ್ಟನೆ ಉಪಾಯ ಹೊಳೆಯಿತು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ. ಬ್ಯಾನರಿನ ಎಡಕ್ಕೊಂದು, ಬಲಕ್ಕೊಂದು ಫೋಟೋ ಕೂರಿಸಿದ. ಅದನ್ನು ಸೀಡಿಗೆ ತುಂಬಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ, ಫ್ಲೆಕ್ಸ್ ಮಾಡಿಸಿದ, ಗೋಪಾಳದ ಸಭಾಂಗಣದಲ್ಲಿ ವೇದಿಕೆಯ ಮೇಲೆ ತಾನೇ ನಿಂತು ಕಟ್ಟಿಸಿದ.

ದಂಪತಿ ಬಂದು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಪರಮೇಶ್ವರಪ್ಪ ನಕ್ಕರು, ಆಮೇಲೆ ಕರಿಬಸಮ್ಮ. ಯೋಗರಾಜನ ಎದೆಯ ಮೇಲಿನ ರುಬ್ಬುಗುಂಡು ಇಳಿಯಿತು. ಒಂದು ಮೂಲೆಯ ಹಗ್ಗ ಸಡಿಲವಾಗಿದ್ದರಿಂದ ಅದನ್ನು ಹಿಡಿದುಕೊಂಡು ಅಲ್ಲೇ ನಿಂತ.

ಮುಖ್ಯ ಅತಿಥಿಗಳು ಕಾರ್ಖಾನೆಗೆ ಹೊಸದಾಗಿ ಬಂದಿದ್ದ ತಮಿಳು ಸಾಹೇಬರು. ಕನ್ನಡ ಓದಲು ಬಾರದು, ಯಾರ ಪರಿಚಯವೂ ಇಲ್ಲ. ಪರಮೇಶ್ವರಪ್ಪನವರಿಗೆ ಶಾಲು ಹೊದಿಸಿ, ಹಾರ ಹಾಕಿ, ಬ್ಯಾನರಿನತ್ತ ತಿರುಗಿದರು. ವಯಸ್ಸಾದವರು ಇವರು, ಸರಿ. ಪಕ್ಕದ ಫೋಟೋದ ಯುವಕ ಎಲ್ಲಿ? ಸುತ್ತ ಕಣ್ಣಾಡಿಸಿದರೆ ಅದರ ಕೆಳಗೇ ಒಬ್ಬ ತಲೆತುಂಬ ಕೂದಲಿನ, ಮೀಸೆಯ ತರುಣ ವಿನಯದಿಂದ ಹಗ್ಗ ಹಿಡಿದು ನಿಂತಿದ್ದಾನೆ.

“ಸನ್ನಾ? ವಾಂಗೋ, ವಾಂಗೋ!” ಮಗನೆಂದುಕೊಂಡು ಸಾಹೇಬರು ಕೈಬೀಸಿ ಕರೆದರು.

“ಸಾರ್, ನಾನು ಪ್ರೆಸ್…”

“ಪ್ರೆಸ್ಸಾ? ರೊಂಬ ಸಂತೋಷಂ!” ಮಗ ಪತ್ರಕರ್ತನೆಂದು ಸಾಹೇಬರಿಗೆ ಇನ್ನಷ್ಟು ಹಿಗ್ಗು.

ಕರಿಬಸಮ್ಮನವರಿಗೆಂದು ತಟ್ಟೆಯಲ್ಲಿಟ್ಟಿದ್ದ ಹಾರ, ಶಾಲು, ಹಣ್ಣಿನ ಬುಟ್ಟಿ ಮೂರೂ ಯೋಗರಾಜನ ಪಾಲಾದವು. ಸಭೆಯಲ್ಲಿ ಚಪ್ಪಾಳೆ. ಅವನ ಕೈಯಿಂದ ಹಗ್ಗ ಜಾರಿ ಬ್ಯಾನರ್ ಸಾಹೇಬರ ತಲೆಯ ಮೇಲೆ ಕವುಚಿಕೊಂಡಿತು.

ಕರಿಬಸಮ್ಮನವರ ತೌರಿನ ಸಾಲಿನಿಂದ ಮುದುಕಿಯೊಬ್ಬಳ ದನಿ ಎದ್ದಿತು: “ನಿನಗೆ ಇಬ್ರೂ ಹೆಣ್ಣುಮಕ್ಳಲ್ಲೇನೇ? ಇವನ್ಯಾವಾಗ ಹುಟ್ಟಿದ?”

“ಎರಡು ಫೋಟೋ ಹಾಕು ಅಂತ ನಿನಗೆ ಯಾರಯ್ಯ ಹೇಳಿದ್ದು?” ದಂಪತಿ ಒಂದೇ ಉಸಿರಿಗೆ ಕೇಳಿದರು. ಆ ದಿನ ಇಬ್ಬರೂ ನಿಜವಾಗಿ ಒಪ್ಪಿಕೊಂಡ ಮಾತು ಅದೊಂದೇ.

ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಯೋಗರಾಜ ವೇದಿಕೆ ಇಳಿದ. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಗಣಪಯ್ಯ ಅವನ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ಸರಿಪಡಿಸಿದರು.

“ಶಾಲು ಆಯ್ತು, ಹಾರ ಆಯ್ತು, ಹಣ್ಣೂ ಆಯ್ತು. ಇಷ್ಟೆಲ್ಲ ಆದಮೇಲೆ ನಿವೃತ್ತಿ ಆದ ಹಂಗೇ ಲೆಕ್ಕ ಮಾರಾಯ. ನಾಳೆಯಿಂದ ಮನೇಲಿ ಆರಾಮಾಗಿರು.”