ಮಳವಳ್ಳಿಗೆ ಬಂದ ರೈಲು

ಮದ್ದೂರಿನ ಶಿವರಾಮು ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ, ಮಳವಳ್ಳಿಗೆ ರೈಲು ಬಿಟ್ಟ. ದೊಡ್ಡ ದೊಡ್ಡವರ ಕೈಲಿ ಇವತ್ತಿನವರೆಗೂ ಆಗದ ಕೆಲಸವನ್ನು ಈ ಮಹಾನುಭಾವ ಹಾಸಿಗೆಯ ಮೇಲೆ ಅಂಗಾತ ಮಲಗಿ, ಹೆಬ್ಬೆರಳೊಂದರಲ್ಲೇ ಮುಗಿಸಿದ್ದ.

ಅವನ ಫೋನಿನಲ್ಲೊಂದು ರೈಲು ಆಟವಿತ್ತು. ಹಳಿಯನ್ನೂ ನಾವೇ ಹಾಕಬಹುದು, ಗದ್ದೆಯನ್ನೂ ನಾವೇ ನಾಟಿ ಮಾಡಬಹುದು, ಇಂಜಿನ್ನನ್ನೂ ನಾವೇ ಓಡಿಸಬಹುದು. ತನ್ನ ರಸಗೊಬ್ಬರದಂಗಡಿಯ ಮೂಟೆಗಳ ಹಿಂದೆ ಕೂತು ಅವನು ಮದ್ದೂರಿನಿಂದ ಮಳವಳ್ಳಿಯವರೆಗೆ ಲೈನು ಎಳೆದಿದ್ದ. ಆ ನೋಟವೋ! ಭತ್ತದ ಪೈರಿನ ಮೇಲೆ ಇಬ್ಬನಿ, ನಾಲೆಗೆ ಸೇತುವೆ, ಸೇತುವೆಯ ಮೇಲೆ ನೀಲಿ ರೈಲು, ಮುಂದೆ ಹಳದಿ ಬೋರ್ಡಿನಲ್ಲಿ 'ಮಳವಳ್ಳಿ'. ನಿಜವಾದ ಮಳವಳ್ಳಿಯೇ ನೋಡಿದರೂ ನಾಚಿ ಸೆರಗು ಎಳೆದುಕೊಳ್ಳಬೇಕು. ಅದರ ಸ್ಕ್ರೀನ್‌ಶಾಟ್ ತೆಗೆದು, 'ನಮ್ಮ ಮಳವಳ್ಳಿಗೆ ರೈಲು ಬಂತು' ಎಂದು ಬರೆದು, ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಹಾಕಿ ಬಚ್ಚಲಿಗೆ ಹೋದ.

ಬ್ರಷ್ಷು ಬಾಯಲ್ಲಿದ್ದಾಗಲೇ ಹೆಂಡತಿ ನಾಗಶ್ರೀ ಕುಣಿದುಕೊಂಡು ಬಂದಳು.

"ರೀ, ನಮ್ಮವ್ವ ಫೋನ್ ಮಾಡಿತ್ತು! ಬ್ಯಾಗು ಕಟ್ಕಂಡು ಕುಂತದಂತೆ, ರೈಲಲ್ಲಿ ಬತ್ತದಂತೆ!"

ಶಿವರಾಮು ಪೇಸ್ಟು ನುಂಗಿದ. ನುಂಗದೆ ಏನು ಮಾಡಿಯಾನು? ಅತ್ತೆ ಹೊಂಬಾಳಮ್ಮ ಸೀನಿದರೆ ಮೂರು ಬೀದಿಯ ಕಾಗೆಗಳು ಹಾರುತ್ತಿದ್ದವು. ಮಗಳ ಮದುವೆಯ ಬೀಗರೂಟದಲ್ಲಿ ಅವಳ ಎಲೆಗೆ ಬರೀ ಮೂಳೆ ಬಿತ್ತು, ಬಾಡು ಬೀಳಲಿಲ್ಲ. ಎಲೆ ಬಿಟ್ಟು ಎದ್ದವಳೇ ಪಂಕ್ತಿಯ ಮುಂದೆ ಆಣೆ ಇಟ್ಟಳು: "ಮಳವಳ್ಳಿಗೆ ರೈಲು ಬರೋಗಂಟ ಈ ಅಳಿಯನ ಒಸ್ಲು ತುಳಿಯಾಕಿಲ್ಲ ಕಣ್ರಪ್ಪಾ!" ನಾಗಶ್ರೀ ಅತ್ತಳು. ಶಿವರಾಮು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಅವತ್ತಿನಿಂದ ಅವನ ಮನೆಯಲ್ಲಿದ್ದ ನೆಮ್ಮದಿ ಹಿಮಾಲಯದ ಗುಹೆಯಲ್ಲೂ ಇರಲಿಲ್ಲ. ಈಗ ಆ ನೆಮ್ಮದಿಯ ಮೇಲೆ ಅವನದೇ ರೈಲು ಹಾಯುವುದರಲ್ಲಿತ್ತು.

ಅತ್ತೆ ಹೊರಡುವ ಮೊದಲೇ ತಡೆಯಲು ಬೈಕು ಹತ್ತಿದ. ಅವನು ಹೋದ ರಭಸಕ್ಕೆ ದಾರಿಯುದ್ದಕ್ಕೂ ಕಬ್ಬು ಅಡ್ಡಡ್ಡ ಮಲಗಿತು.

ಮಳವಳ್ಳಿಯಲ್ಲಿ ಅತ್ತೆಯ ಬೀದಿಗೆ ಬೀದಿಯೇ ಕಾದಿತ್ತು. ಮುಂದೆ ಪಕ್ಕದ ಮನೆಯ ಮರಿಸಿದ್ದಯ್ಯ, ಕಂಕುಳಲ್ಲಿ ಬೂದುಗುಂಬಳಕಾಯಿ.

"ಬಂದ ಬಂದ, ರೈಲು ತಂದೋನು! ಅಳಿಮಯ್ಯ, ಟೇಸನ್ ಯಾವ್ ಕಡಿಕ್ಕಪ್ಪ? ಇಂಜಿನ್ಗೆ ದೃಷ್ಟಿ ತೆಗ್ಯವ ಅಂತ ಊರೆಲ್ಲ ಸುತ್ತುದ್ವಿ, ಒಂದು ಕಂಬಿನೂ ಸಿಗ್ನಿಲ್ಲ!"

"ರೈಲೂ ಇಲ್ಲ, ಗೀಲೂ ಇಲ್ಲ ಕಣಣ್ಣ. ಅದು ಫೋನಲ್ಲಿ ಆಡೋ ಆಟ."

ಮರಿಸಿದ್ದಯ್ಯ ಒಮ್ಮೆ ಕುಂಬಳಕಾಯಿ ನೋಡಿದ, ಒಮ್ಮೆ ಶಿವರಾಮುವಿನ ತಲೆ ನೋಡಿದ.

ಜಗುಲಿಯಿಂದ ಹೊಂಬಾಳಮ್ಮ ಎದ್ದಳು. "ಆಟ ಅಂದ್ರೆ ಎಂಗೆ? ತೆಗಿ, ನೋಡವ."

ಫೋನಿನ ಮೇಲೆ ಇಡೀ ಬೀದಿ ಬಗ್ಗಿತು.

"ಅಯ್, ಇದ್ಯಾವೂರ್ ನಾಲೆನೇ?"

"ಚಕ್ರ ತಿರಗ್ತವೆ ಕಣಮ್ಮ, ನೋಡಿಲ್ಲಿ!"

"ಲೇ, ಅದು ನನ್ ಗದ್ದೆ ಕಣ್ಲಾ!" ಎಂದು ಮರಿಸಿದ್ದಯ್ಯ ಕಿರುಚಿದ. "ಯಾರ್ನ ಕೇಳಿ ಕಂಬಿ ಆಕ್ದೆ? ಪಕ್ಕುಕ್ ಸರ್ಸು!"

"ಸುಮ್ಕಿರಣ್ಣ," ಎಂದಳು ಹೊಂಬಾಳಮ್ಮ. "ಆಣೆ ಇಡೋವಾಗ ಎಂಥ ರೈಲು ಅಂತ ನಾನೇನೂ ಏಳಿರ್ನಿಲ್ಲ. ಓಡ್ಸು ಅಳಿಯ."

ಶಿವರಾಮು ಓಡಿಸಿದ. ಹಳದಿ ಬೋರ್ಡು ಕಂಡದ್ದೇ ಬ್ರೇಕು ಒತ್ತಿದ.

"ಯಾಕ್ ನಿಲ್ಲುಸ್ದೆ?"

"ಸಿಗ್ನಲ್ ಕೊಟ್ಟಿಲ್ಲ ಅತ್ತೆ."

"ಅಸ್ರು ದೀಪ ಉರೀತಾ ಅದೆ. ನಾನೇನು ಕುರುಡೀನಾ?" ಎಂದು ಹೊಂಬಾಳಮ್ಮ ತಾನೇ ಒತ್ತಿದಳು. ರೈಲು ಕೂಗಿಕೊಂಡು ಮಳವಳ್ಳಿಗೆ ನುಗ್ಗಿತು. ಬೀದಿ ಕೇಕೆ ಹಾಕಿತು. ಮರಿಸಿದ್ದಯ್ಯ ಫೋನಿಗೆ ಕುಂಬಳಕಾಯಿ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದ. ಅದರ ತಿರುಳು ಪೂರ್ತಿ ಶಿವರಾಮುವಿನ ಅಂಗಿಗೇ ಹಾರಿತು.

"ಆಣೆ ತೀರ್ತು. ನಡಿ," ಎಂದು ಅತ್ತೆ ಬೈಕಿನ ಹಿಂದೆ ಕೂತಳು. ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು.

ದಾರಿಯಲ್ಲಿ ಶಿವರಾಮು ಅಳುಕುತ್ತಲೇ ಕೇಳಿದ. "ವಾಪಸ್ ಯಾವಾಗ ಅತ್ತೆ?"

"ನೀನು ತಿರ್ಗಾ ಮಳವಳ್ಳಿಗೆ ರೈಲು ಬುಟ್ಟ ಗಳಿಗೇಲೇ ಒರಡ್ತೀನಿ ಕಣಪ್ಪ. ನಿಮ್ಮನೇಲೇ ಬಿದ್ದಿರಾಕೆ ನಂಗೇನು ಆಸೇನಾ?"

ಶಿವರಾಮುವಿನ ಎದೆಯಲ್ಲಿ ತಮಟೆ ಬಡಿಯಿತು. ಇಷ್ಟೇ ತಾನೆ! ಊಟ ಆದೊಡನೆ ರೈಲು ಬಿಟ್ಟರೆ, ಸಂಜೆಯ ಕಾಫಿಗೆ ಅತ್ತೆ ಮಳವಳ್ಳಿಯಲ್ಲಿ. ಮನೆಗೆ ಬಂದವನೇ ಫೋನನ್ನು ಚಾರ್ಜಿಗಿಟ್ಟು, ಕುಂಬಳಕಾಯಿ ತೊಳೆದುಕೊಳ್ಳಲು ಹಾಡುತ್ತಾ ಬಚ್ಚಲಿಗೆ ಹೋದ.

ತಲೆ ಒರೆಸಿಕೊಂಡು ಹೊರಬಂದಾಗ ನಡುಮನೆಯಲ್ಲಿ ತಾಯಿಮಗಳು ಫೋನು ಹಿಡಿದು ಬಿದ್ದು ಬಿದ್ದು ನಗುತ್ತಿದ್ದರು. ನಾಗಶ್ರೀಯ ಹೆಬ್ಬೆರಳು ಇನ್ನೂ ಇಂಜಿನ್ನಿನ ಮೇಲೇ ಇತ್ತು. ಗುಂಪಿಗೆ ಹೊಸ ಸ್ಕ್ರೀನ್‌ಶಾಟ್ ಹೋಗಿತ್ತು. ಅದೇ ಇಬ್ಬನಿ, ಅದೇ ಸೇತುವೆ. ನೀಲಿ ರೈಲು ಮಾತ್ರ ನೀರು ಕುಡಿಯಲು ಇಳಿದ ಎಮ್ಮೆಗಳ ಹಾಗೆ ನಾಲೆಯಲ್ಲಿ ಸಾಲಾಗಿ ಬಿದ್ದುಕೊಂಡಿತ್ತು. ಕೆಳಗೆ ಅತ್ತೆಯ ಒಕ್ಕಣೆ: 'ರೈಲು ನಾಲೆಗೆ ಬಿದ್ದೋಗದೆ. ರಿಪೇರಿ ಆಗೋಗಂಟ ಮಗಳ ಮನೇಲೇ ಇರ್ತೀನಿ.'

ಅದರ ಬೆನ್ನಿಗೇ ಮರಿಸಿದ್ದಯ್ಯನ ಉತ್ತರ ಬಂದಿತ್ತು, ಮಳವಳ್ಳಿಯ ಇಡೀ ಬೀದಿಯ ಪರವಾಗಿ: 'ಅವಸ್ರ ಏನೂ ಇಲ್ಲ ಕಣಮ್ಮ. ರಿಪೇರಿ ನಿಧಾನಕ್ಕೇ ಆಗ್ಲಿ.'