ಸೀರಿಸ್ ದೀಪ ಮತ್ತು ದೊನ್ ಲಿಬೋರಿಯೊನ ಮಗಳು

ಗಾಸ್ಪಾರೆ ಕೆಟ್ಟದ್ದು ಬಾಯಿಂದಲ್ಲ, ಗೋಣಿನಿಂದ. ಯಾರು ಏನು ಹೇಳಿದರೂ ಅದು ಕೋಲೆ ಬಸವನ ತಲೆಯ ಹಾಗೆ ತಾನಾಗಿಯೇ ಹೌದು ಹೌದು ಎಂದು ಆಡಿಬಿಡುತ್ತಿತ್ತು.

ಪಲೆರ್ಮೊದ ಅರಮನೆ ಗೋಪುರದಲ್ಲಿ ಹಳೆಯ ದೂರದರ್ಶಕಗಳ ಧೂಳು ಒರೆಸುವುದು ಅವನ ಕೆಲಸ. ಇನ್ನೂರು ವರ್ಷದ ಹಿಂದೆ ಒಬ್ಬ ಪಾದ್ರಿ ಅಲ್ಲಿ ಕೂತೇ ಸೀರಿಸ್ ಎಂಬ ಕುಬ್ಜಗ್ರಹವನ್ನು ಕಂಡುಹಿಡಿದು, ಸಿಸಿಲಿಯ ಗೋಧಿದೇವತೆಯ ಹೆಸರಿಟ್ಟಿದ್ದ. ಈ ಕತೆ ನಡೆದ ವರ್ಷ ಬಾಹ್ಯಾಕಾಶ ನೌಕೆಯೊಂದು ಅದರ ಹತ್ತಿರ ಹೋಗಿ, ಕುಳಿಯೊಳಗೆ ಫಳಫಳ ಹೊಳೆಯುವ ಬಿಳಿ ಚುಕ್ಕಿಗಳ ಚಿತ್ರ ಕಳಿಸಿತು. ಅದೇನೆಂದು ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ. ಬಲ್ಲಾರೊ ಸಂತೆಬೀದಿಯಲ್ಲಿ ಮಾತ್ರ ಗೊತ್ತಿಲ್ಲದವನು ಒಬ್ಬನೂ ಇರಲಿಲ್ಲ.

"ಅದು ಊರು ಕಣಯ್ಯಾ! ಬೀದಿದೀಪ ಹಚ್ಚಿದ್ದಾರೆ. ರೈಲಲ್ಲಿ ಜೀವಮಾನ ಎಲ್ಲ ದೀಪ ನೋಡಿದೋನು ನಾನು, ನಂಗೊತ್ತಿಲ್ವಾ?" ಎಂದ ನಿವೃತ್ತ ರೈಲ್ವೆ ಗಾರ್ಡು ದೊನ್ ಲಿಬೋರಿಯೊ.

ಗಾಸ್ಪಾರೆ ಗೋಣು ಹಾಕಿದ. ಹಾಕದೆ ಏನು ಮಾಡುತ್ತಾನೆ? ಮುದುಕನ ಮಗಳು ಅಸ್ಸುಂತಾಳನ್ನು ಅವನು ತಲೆಗೂದಲು ಕಪ್ಪಗಿದ್ದಾಗಿನಿಂದ ಮದುವೆಗೆ ಕೇಳುತ್ತಿದ್ದ. ಈಗ ತಲೆಯಲ್ಲಿ ಕೂದಲೇ ಇರಲಿಲ್ಲ. ಆ ಊರಲ್ಲಿ ಅಪ್ಪ ಒಪ್ಪದಿದ್ದರೆ ಹುಡುಗಿಯ ಜೊತೆ ಒಂದು ರಾತ್ರಿ ಓಡಿಹೋಗಿ ಬಂದರೆ ಸಾಕು, ಮಾನಕ್ಕೆ ಅಂಜಿ ಅಪ್ಪನೇ ಮದುವೆ ಮಾಡುತ್ತಾನೆ. ಅಸ್ಸುಂತಾ ಎಷ್ಟೋ ಸಲ ಕರೆದಿದ್ದಳು. ಈ ಪುಕ್ಕಲ ಹೋಗಿರಲಿಲ್ಲ. ಇಂಥವನ ಕೆನ್ನೆಗೆ ಎರಡು ಬಾರಿಸಬೇಕು.

ತನ್ನ ಮಾತಿಗೆ ಗೋಪುರದ ಮನುಷ್ಯನೇ ಹೂಂ ಅಂದನೆಂದು ಮುದುಕ ಕರಗಿಹೋದ. "ಸಾಂತಾ ಲುಚಿಯಾ ಹಬ್ಬಕ್ಕೆ ಊಟಕ್ಕೆ ಬಾ. ಮಗಳನ್ನ ಕೊಡ್ತೀನಿ ಅಂತ ಎಲ್ಲರೆದುರು ಮಾತು ಕೊಡ್ತೀನಿ."

ಆದರೆ ಗೋಣು ಅಷ್ಟಕ್ಕೇ ನಿಲ್ಲಬೇಕಲ್ಲ! "ಅದು ಮಂಜುಗಡ್ಡೆ" ಎಂದ ಕಟುಕ ನುನ್ಸಿಯೊನಿಗೂ ಆಡಿತು. "ನನ್ನ ಗಂಡನ ಆತ್ಮ ಮೇಣದಬತ್ತಿ ಹಚ್ಕೊಂಡು ಕೂತಿದೆ" ಎಂದ ಲಿಬೋರಿಯೊನ ವಿಧವೆ ತಂಗಿ ನಿನ್ಫಾಗೂ ಆಡಿತು.

ಸಾಂತಾ ಲುಚಿಯಾ ಕಣ್ಣು ಕಾಯುವ ತಾಯಿ. ಅವಳ ದಿನ ಯಾರೂ ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಮೇಜಿನ ಮೇಲೆ ಕರಿದ ಅನ್ನದುಂಡೆಗಳ ಗುಡ್ಡ. ಅದರ ಸುತ್ತ ಆ ಮೂವರೂ, ಅಸ್ಸುಂತಾಳೂ, ನಡುವೆ ಇಸ್ತ್ರಿ ಮಾಡಿದ ಕೋಟಿನಲ್ಲಿ ಬೆವರುವ ಗಾಸ್ಪಾರೆ.

"ಅಲ್ಲಿ ಊರಿದೆ ಅಂತ ನಮ್ಮ ಗಾಸ್ಪಾರೆನೇ ಒಪ್ಪಿದಾನೆ," ಎಂದು ಮುದುಕ ಶುರುಮಾಡಿದ.

"ಊರಾ? ಮಂಜುಗಡ್ಡೆ ಅಂದಾಗ ನಂಗೆ ಹೂಂ ಅಂದಿದ್ದ!" ಎಂದ ನುನ್ಸಿಯೊ.

"ಅಯ್ಯೋ ಪಾಪಿ! ಹಂಗಾದ್ರೆ ನನ್ನ ಗಂಡ ಎಲ್ಲಿ ಹೋದ?" ಎಂದು ಎದ್ದು ನಿಂತಳು ನಿನ್ಫಾ.

ಗಾಸ್ಪಾರೆ ಇನ್ನೊಂದು ಅನ್ನದುಂಡೆ ಬಾಯಿಗೆ ತುರುಕಿಕೊಂಡ. ಮೇಜಿನ ಕೆಳಗೆ ಅಸ್ಸುಂತಾ ಅವನ ಕಾಲು ತುಳಿದಳು. "ಈಗ್ಲಾದ್ರೂ ಬಾಯಿ ಬಿಡೋ!"

ಅಷ್ಟರಲ್ಲಿ ಮೂಲೆಯ ಟಿವಿಯಲ್ಲಿ ಸೀರಿಸ್ ಬಂತು. ದೀಪವಲ್ಲ, ಬರೀ ಹಿಮವೂ ಅಲ್ಲ. ಹೆಚ್ಚಾಗಿ ಅದು ನೆಲದ ಮೇಲೆ ಹರಡಿದ ಉಪ್ಪು ಎಂದರು ವಿಜ್ಞಾನಿಗಳು.

ಗಾಸ್ಪಾರೆಗೆ ಹೋದ ಜೀವ ಬಂತು. ಯಾರೂ ಗೆಲ್ಲಲಿಲ್ಲವೆಂದ ಮೇಲೆ ಯಾರಿಗೂ ಸಿಟ್ಟಿಲ್ಲ! ಜನ್ಮದಲ್ಲಿ ಮೊದಲ ಸಲ ಎದ್ದು ನಿಂತು ಕೂಗಿದ: "ಉಪ್ಪು! ಬರೀ ಚೆಲ್ಲಿದ ಉಪ್ಪು!"

ಉಪ್ಪು ಚೆಲ್ಲುವುದೆಂದರೆ ಆ ಊರಲ್ಲಿ ಮಹಾ ಕೇಡು. ನಿನ್ಫಾ ಶಿಲುಬೆ ಸನ್ನೆ ಮಾಡಿಕೊಂಡಳು. ಕೆಟ್ಟದ್ದು ತಟ್ಟದಿರಲೆಂದು ನುನ್ಸಿಯೊ ಜೇಬಿನ ಕಬ್ಬಿಣದ ಕೀಲಿ ಮುಟ್ಟಿಕೊಂಡ.

"ಚೆಲ್ಲಿದ ಉಪ್ಪಾ? ನಮ್ಮ ದೇವಿ ಮೈಮೇಲೆ?" ದೊನ್ ಲಿಬೋರಿಯೊನ ಮುಖ ಬಿಳಿಚಿತು. "ಅವಳು ಹುಟ್ಟಿದ ಗೋಪುರ ಕಾಯೋನು ನೀನು. ಅಂಥ ಅಪಶಕುನ ಹೊತ್ಕೊಂಡು ನನ್ನ ಮಗಳ ಕೇಳೋಕೆ ಬಂದ್ಯಾ? ನಡಿ ಆಚೆಗೆ!"

"ದೊನ್ ಲಿಬೋರಿಯೊ, ಅದು ಎಷ್ಟೋ ಕೋಟಿ ಮೈಲಿ ದೂರ..."

"ಅಪಶಕುನಕ್ಕೆ ಮೈಲಿಗಲ್ಲು ಇರ್ತದೇನೋ?"

ಬಾಗಿಲಲ್ಲಿ ನಿನ್ಫಾಗೆ ಕರುಳು ಚುರುಕ್ಕೆಂದಿತು. ಅವನ ಅಂಗೈಗೆ ಉಪ್ಪು ಸುರಿದಳು. "ಎಡಭುಜದ ಮೇಲಿಂದ ಹಿಂದಕ್ಕೆ ಎಸಿ. ಬೆನ್ನ ಹಿಂದಿರೋ ಸೈತಾನನ ಕಣ್ಣಿಗೆ ಬೀಳ್ಬೇಕು. ತಿರುಗಿ ಮಾತ್ರ ನೋಡ್ಬೇಡ."

ಗಲ್ಲಿಯಲ್ಲಿ ಗಾಸ್ಪಾರೆ ತನ್ನ ಹೆಣದ ಹಿಂದೆ ತಾನೇ ನಡೆಯುವವನಂತೆ ನಡೆದ. ಇನ್ನುಳಿದ ಆಯುಷ್ಯವೆಲ್ಲ ಒಂಟಿ ತಟ್ಟೆ, ಒಂಟಿ ಲೋಟ. ಆಗ ಬೆನ್ನ ಹಿಂದೆ ಟಕಟಕ ಹೆಜ್ಜೆ ಸಪ್ಪಳ ಕೇಳಿತು. ಬಂದೇಬಿಟ್ಟ ಸೈತಾನ! ತಿರುಗಿ ನೋಡದೆ, ಹಲ್ಲು ಕಚ್ಚಿ, ಹಿಡಿ ಉಪ್ಪನ್ನೂ ಬೀಸಿ ಎಸೆದ.

"ಅಯ್ಯಯ್ಯೋ ನನ್ನ ಕಣ್ಣು!"

ಅಸ್ಸುಂತಾ. ಕೈಯಲ್ಲಿದ್ದ ಸೂಟ್‌ಕೇಸು ಬಿದ್ದು, ಬಟ್ಟೆಯೆಲ್ಲ ಗಲ್ಲಿಗೆ ಚೆಲ್ಲಿತ್ತು.

"ಇವತ್ತಾದ್ರೂ ಓಡಿಹೋಗೋಣ ಅಂತ ಬಂದ್ನಲ್ಲೋ! ಕಣ್ಣು ಕಾಯೋ ತಾಯಿ ಹಬ್ಬದ ದಿನ ನನ್ನ ಕಣ್ಣಿಗೇ ಉಪ್ಪು ಹಾಕ್ದೆಯಲ್ಲೋ!" ಮೇಲಿನ ಕಿಟಕಿಗಳೆಲ್ಲ ಪಟಪಟ ತೆರೆದುಕೊಂಡವು. ನೀರು ಸುರಿಯುವ ಕಣ್ಣಲ್ಲೇ ಅವಳು ಬಟ್ಟೆ ತುರುಕಿ ಸೂಟ್‌ಕೇಸು ಮುಚ್ಚಿದಳು. "ನಮ್ಮಪ್ಪ ಹೇಳಿದ್ದೇ ಸರಿ. ನಿನ್ನನ್ನ ಕಟ್ಕೊಂಡ್ರೆ ನಾನು ಹಾಳಾಗೋದೇ. ಹೌದೋ, ಅಲ್ವೋ?"

ಅಲ್ಲ ಎನ್ನಲು ಗಾಸ್ಪಾರೆ ಬಾಯಿ ತೆರೆದ. ಅಷ್ಟರೊಳಗೆ ಗೋಣು ಆಡಿಬಿಟ್ಟಿತ್ತು.