ಪಿಸುಮಾತು ಕೇಳದ ಕಂದೀಲು

"ಒಂದು ಕಂದೀಲಿನ ಬಾಯಲ್ಲಿ ಮಾತು ಬರಿಸದೇ ಹೋದರೆ, ಇವತ್ತಿಂದ ನಾನು ಸ್ಕ್ರೂಡ್ರೈವರ್ ಮುಟ್ಟಲ್ಲ!"

ಹೀಗಂತ ಟೇಲರ್ ಅಂಗಡಿಯ ಮೇಜು ಗುದ್ದಿ ನಾನು ಶಪಥ ಮಾಡಿದೆ. ಮೇಜಿನ ಮೇಲೆ ಗುಂಡುಸೂಜಿ ಹರಡಿತ್ತು. ಹಾಗಾಗಿ ಶಪಥದ ಕೊನೇ ಮಾತು ಸ್ವಲ್ಪ ಕಿರುಚಿದ ಹಾಗೆ ಬಂತು. ಭೀಷ್ಮ ಶಪಥ ಮಾಡುವಾಗ ಪಕ್ಕದಲ್ಲಿ ಟೇಲರ್ ಇರಲಿಲ್ಲ, ಪುಣ್ಯವಂತ!

ನಾನು ಮಿಕ್ಸಿ, ಫ್ಯಾನು, ಮೋಟಾರು ರಿಪೇರಿಯವನು. ಓದಿದ್ದು ಏಳನೇ ಕ್ಲಾಸು. ಆರನೇದು ಬಹಳ ಹಿಡಿಸಿತು ಅಂತ ಎರಡು ಸಲ ಓದಿದೆ. ಕೋಪದಲ್ಲಿ ಮಾತ್ರ ಡಬಲ್ ಡಿಗ್ರಿ. ಸುಟ್ಟ ಮಿಕ್ಸಿ ತಂದವರಿಗೆ, "ಇದು ಮಿಕ್ಸಿನೋ ಕಲ್ಲು ಪುಡಿ ಮಾಡೋ ಮಿಷನ್ನೋ?" ಅಂತ ಮೊದಲು ಬೈಯುವುದು, ಆಮೇಲೆ ರಿಪೇರಿ ಮಾಡುವುದು ನನ್ನ ಪದ್ಧತಿ. ಬೈಗುಳಕ್ಕೆ ಬೇರೆ ಚಾರ್ಜಿಲ್ಲ.

ಕಂದೀಲಿನ ವಿಷಯ ಹೇಳುತ್ತೇನೆ. ಮೀಸೆ ಚಿಗುರುವ ವಯಸ್ಸಲ್ಲಿ ನಾವು ನಾಲ್ಕು ಜನ ಒಂದು ಆಕಾಶದ ಸಿನಿಮಾ ನೋಡಿ ಕೆಟ್ಟುಹೋದೆವು. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಹಡಗು. ಒಳಗೆ ಒಬ್ಬನೇ ಕ್ಯಾಪ್ಟನ್. ಅವನ ಕೈಯಲ್ಲಿ ಒಂದು ಮಾತಾಡುವ ಕಂದೀಲು. ಇಡೀ ಹಡಗಿನಲ್ಲಿ ಅವನಿಗೆ ಉತ್ತರ ಕೊಡುವುದು ಅದೊಂದೇ. ನಾನು ಹನ್ನೊಂದು ಸಲ ನೋಡಿದೆ. ಟೇಲರ್ ತಾನು ಹದಿನಾಲ್ಕು ಸಲ ಅನ್ನುತ್ತಾನೆ. ಸುಳ್ಳು, ಮೂರು ಸಲ ನಿದ್ದೆ ಮಾಡಿದ್ದನ್ನೂ ಸೇರಿಸಿದ್ದಾನೆ. ಮೂರನೆಯವನು ಕಟಿಂಗ್ ಅಂಗಡಿಯವನು. ನಾವು ಅವನನ್ನು ಬಾಚಣಿಗೆ ಅಂತ ಕರೆಯುತ್ತೇವೆ. ನಾಲ್ಕನೆಯವನು ನಮ್ಮೆಲ್ಲರಿಗಿಂತ ದೊಡ್ಡವನು, ಬಸ್‌ಸ್ಟ್ಯಾಂಡಿನ ಅನೌನ್ಸರ್ ಅಣ್ಣ.

ಅಣ್ಣನ ಗಂಟಲು ಅಂದರೆ ಗಂಟಲು! ಇಪ್ಪತ್ತಾರು ವರ್ಷ ಮೈಕಿನ ಮುಂದೆ ಕೂತು ಬಸ್ಸು ಕಳಿಸಿದವನು. ಅವನು "ಬಸ್ಸು ಹೊರಡಲು ಸಿದ್ಧವಾಗಿದೆ" ಅಂದರೆ, ಆ ಬಸ್ಸಿಗೆ ಹೋಗಬೇಕಾಗಿಲ್ಲದವರೂ ಎದ್ದು ಚೀಲ ಎತ್ತಿಕೊಳ್ಳುತ್ತಿದ್ದರು. ಪ್ರತಿ ವಾರದ ರಜೆ ದಿನ ಬಾಚಣಿಗೆಯ ಅಂಗಡಿಯಲ್ಲಿ ನಾವು ಸೇರಿ ಆ ಸಿನಿಮಾದ ಮಾತು ಒಪ್ಪಿಸುತ್ತಿದ್ದೆವು. ನಾವು ಮೂವರೂ ಸರದಿಯಲ್ಲಿ ಕ್ಯಾಪ್ಟನ್. ಕಂದೀಲು ಮಾತ್ರ ಯಾವತ್ತೂ ಅಣ್ಣನೇ. ಅವನ ಬಾಯಲ್ಲಿ ಅಲ್ಲದೆ ಆ ಮಾತು ಬೇರೆಯವರ ಬಾಯಲ್ಲಿ ಕೂರುತ್ತಲೇ ಇರಲಿಲ್ಲ.

ಅಂಥ ಗಂಟಲಲ್ಲಿ ಒಂದು ಗಂಟು ಎದ್ದಿತು.

"ತೆಗೀಬೇಕಂತೆ," ಅಂದ ಅಣ್ಣ ಒಂದು ದಿನ, ಬಾಚಣಿಗೆಯ ಕುರ್ಚಿಯಲ್ಲಿ ಮುಖದ ತುಂಬ ಸೋಪು ಹಚ್ಚಿಸಿಕೊಂಡು. "ಡಾಕ್ಟರು ಹೇಳಿದ್ರು, ಆಮೇಲೆ ಪಿಸುಮಾತು ಉಳಿಯುತ್ತೆ, ಧ್ವನಿ ಉಳಿಯಲ್ಲ ಅಂತ."

ಬಾಚಣಿಗೆಯ ಕತ್ತಿ ಕೆನ್ನೆಯ ಮೇಲೆ ಹಾಗೇ ನಿಂತಿತು. ನಾನು ಡಾಕ್ಟರಿಗೆ ಬೈದೆ. ಡಾಕ್ಟರು ಅಲ್ಲಿರಲಿಲ್ಲವಾದ್ದರಿಂದ ಟೇಲರಿಗೆ ಬೈದೆ.

"ಸುಮ್ನಿರೋ," ಅಂದ ಅಣ್ಣ. "ಹೋಗೋದು ಹೋಗುತ್ತೆ. ಹೋಗೋಕೆ ಮುಂಚೆ ಅದನ್ನ ಒಂದು ಕಂದೀಲಿಗೆ ತುಂಬಿಡ್ರಪ್ಪ. ನೀವು ಯಾವತ್ತೂ ನನ್ನನ್ನ ಕ್ಯಾಪ್ಟನ್ ಮಾಡ್ಲಿಲ್ಲ. ಇನ್ಮೇಲೆ ನಾನೇ ಕ್ಯಾಪ್ಟನ್. ನಾನು ಪಿಸುಗುಟ್ಟಿ ಕೇಳ್ತೀನಿ, ಅದು ನನ್ನ ಗಂಟಲಲ್ಲೇ ಉತ್ತರ ಹೇಳಲಿ."

ಆ ಮಾತು ಕೇಳಿಯೇ ನಾನು ಅಲ್ಲಿಂದ ಟೇಲರ್ ಅಂಗಡಿಗೆ ಹೋಗಿ ಗುಂಡುಸೂಜಿಯ ಮೇಲೆ ಶಪಥ ಮಾಡಿದ್ದು.

ಮಾತು ರೆಕಾರ್ಡ್ ಮಾಡಿ ತುಂಬುವ ಕೆಲಸ ಟೇಲರ್ ಅಂಗಡಿಯಲ್ಲಿ ನಡೆಯಿತು. ಬಾಗಿಲು ಎಳೆದು, ಸುತ್ತ ಅರ್ಧ ಹೊಲಿದ ಕೋಟುಗಳನ್ನು ತೂಗುಹಾಕಿ, ಪ್ರತಿಧ್ವನಿ ಬರದ ಹಾಗೆ ಅಣ್ಣನನ್ನು ಬಟ್ಟೆ ರಾಶಿಯಲ್ಲಿ ಕೂರಿಸಿದೆವು. ಕಂದೀಲಿನದು ಒಟ್ಟು ಇಪ್ಪತ್ತೊಂಬತ್ತು ಮಾತು. ಒಂದೂ ತಪ್ಪದೆ ಹೇಳಿದ. ಕೊನೇ ಮಾತಿನ ಹಿಂದೆಯೇ ಟೇಲರ್ ಮೂಗು ಸೀಟಿದ ಸದ್ದೂ ಸೇರಿಕೊಂಡಿದೆ. ಅಳಿಸೋಣ ಅಂದ್ಕೊಂಡೆ, ಆಮೇಲೆ ಬೇಡ ಅನ್ನಿಸಿತು.

ಅಣ್ಣ ಆಸ್ಪತ್ರೆಗೆ ಹೋದ. ನಾವು ಕಂದೀಲಿಗೆ ಕೈ ಹಾಕಿದೆವು.

ಮೈಕಟ್ಟಿನ ಹೊಣೆ ಟೇಲರಿನದು. ಅವನು ಟಿವಿಯಲ್ಲಿ ಸಿನಿಮಾ ನಿಲ್ಲಿಸಿ, ಪರದೆಯ ಮೇಲೆ ಟೇಪು ಹಿಡಿದು, "ಹೀರೋನ ಸೊಂಟ ಮೂವತ್ತನಾಲ್ಕು. ಕಂದೀಲು ಅದರಲ್ಲಿ ಕಾಲು ಭಾಗ" ಅಂತ ಲೆಕ್ಕ ಹಾಕಿದ. ಸರಿಯಾಗಿಯೇ ಇತ್ತು. ಆದರೆ ತಗಡು ಕತ್ತರಿಸಿ ತಂದಾಗ ಒಂದು ತುಂಡಿಗೂ ಇನ್ನೊಂದಕ್ಕೂ ಹೊಂದಿಕೆಯೇ ಇಲ್ಲ! ಎಲ್ಲಾ ಕಡೆ ಒಂದೊಂದು ಇಂಚು ಜಾಸ್ತಿ.

"ಇದೇನೋ ಇದು?"

"ಒಳಗೆ ಮಡಿಚೋಕೆ ಬಿಟ್ಟಿದ್ದೀನಿ. ನಾಳೆ ಬಿಗಿಯಾದ್ರೆ ಬಿಚ್ಚಿ ದೊಡ್ಡದು ಮಾಡ್ಬಹುದು."

"ಕಂದೀಲೇನು ಊಟ ಮಾಡಿ ದಪ್ಪ ಆಗುತ್ತೇನೋ, ಮುಟ್ಠಾಳ!"

ಬಾಚಣಿಗೆ ತನ್ನ ಹಳೇ ಕನ್ನಡಿ ಒಡೆದು ಒಳಗೆ ಬೆಳಕು ಚೆಲ್ಲುವ ಚೂರುಗಳನ್ನು ಜೋಡಿಸಿದ. ತಗಡನ್ನು ಮೂರು ದಿನ ಉಜ್ಜಿ ಫಳಫಳ ಮಾಡಿದ. ಕೊನೆಗೆ ಅಭ್ಯಾಸಬಲದಿಂದ ಪೌಡರೂ ಹೊಡೆದ.

ಕಿವಿಯ ಕೆಲಸ ನನ್ನದು. ಕಂದೀಲಿನ ಹೊಟ್ಟೆಯಲ್ಲಿ ಒಂದು ಬೋರ್ಡು, ಅದಕ್ಕೊಂದು ಸಣ್ಣ ಮೈಕು. ಮೈಕಿಗೆ ಸದ್ದು ಬಿದ್ದರೆ ಒಳಗಿನ ಮಾತು ಒಂದಾದ ಮೇಲೊಂದು ಹೊರಗೆ ಬರುತ್ತೆ. ಸ್ವಿಚ್ ಹಾಕಿದಾಗಲೆಲ್ಲ ಮತ್ತೆ ಮೊದಲ ಮಾತಿನಿಂದಲೇ ಶುರು. ಎಷ್ಟು ಸದ್ದಿಗೆ ಕಿವಿಗೊಡಬೇಕು ಅನ್ನೋದಕ್ಕೆ ಒಂದು ಪುಟ್ಟ ತಿರುಪು. ಎಡಕ್ಕೆ ತಿರುಗಿಸಿದರೆ ಕಿವಿ ಚುರುಕು, ಬಲಕ್ಕೆ ತಿರುಗಿಸಿದರೆ ಮಂದ.

ಮನೆಯ ಅಡುಗೆಕೋಣೆ ಮೇಜಿನ ಮೇಲೆ ಇಟ್ಟು ಸ್ವಿಚ್ ಹಾಕಿದೆ. ಪಾತ್ರೆಗಳ ಸದ್ದಿಗೇ ಮೊದಲ ಎರಡು ಮಾತು ಆಡಿ ಮುಗಿಸಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು.

"ಕ್ಯಾಪ್ಟನ್, ಎಡಗಡೆ ಎಂಜಿನ್ ಬಿಸಿಯಾಗ್ತಿದೆ," ಅಂತು ಕಂದೀಲು.

"ಅಯ್ಯೋ ಹೌದು!" ಅಂತ ನನ್ನ ಹೆಂಡತಿ ಓಡಿ ಬಂದು ಒಲೆ ಆರಿಸಿದಳು. "ಎಷ್ಟು ಒಳ್ಳೇ ಯಂತ್ರ ರೀ! ಮನೇಲಿ ಒಬ್ರಾದ್ರೂ ಒಲೆ ಕಡೆ ನೋಡೋರು ಇದ್ದಾರಲ್ಲ!"

ಕುಕ್ಕರಿಗೆಲ್ಲ ಉತ್ತರ ಕೊಟ್ಟರೆ ಹೇಗೆ? ತಿರುಪು ಬಲಕ್ಕೆ ತಿರುಗಿಸಿದೆ. ಚಮಚ ಬಿತ್ತು, ಮಾತಾಡಿತು. ಇನ್ನಷ್ಟು ಬಲಕ್ಕೆ. ಬಾಗಿಲು ಬಡಿಯಿತು, ಮಾತಾಡಿತು. ಮತ್ತಷ್ಟು ಬಲಕ್ಕೆ. ಈಗ ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಇನ್ನು ಮನುಷ್ಯ ಕರೆದರೆ ಕೇಳುತ್ತಾ ನೋಡಬೇಕಿತ್ತು. ಅಷ್ಟರಲ್ಲಿ ಸ್ಕ್ರೂಡ್ರೈವರ್ ಕಾಣಲಿಲ್ಲ.

"ಎಲ್ಲಿಟ್ಟೆ ನನ್ನ ಸ್ಕ್ರೂಡ್ರೈವರ್? ಈ ಮನೇಲಿ ಒಂದು ವಸ್ತು ಇಟ್ಟ ಕಡೆ ಇರುತ್ತಾ? ನಾನೇನು ಮನುಷ್ಯನೋ, ಹುಡುಕೋ ನಾಯಿನೋ!"

"ಕ್ಯಾಪ್ಟನ್, ಗಾಳಿ ಕಡಿಮೆ ಇದೆ. ಉಸಿರು ಉಳಿಸ್ಕೊಳ್ಳಿ," ಅಂತು ಕಂದೀಲು.

ಹೆಂಡತಿ ನಕ್ಕು ನಕ್ಕು ಸಿಂಕಿಗೆ ಒರಗಿಕೊಂಡಳು. ಸ್ಕ್ರೂಡ್ರೈವರ್ ನನ್ನ ಕಿವಿಯ ಮೇಲೇ ಇತ್ತು.

ಆದರೂ ನನಗೆ ಖುಷಿಯೋ ಖುಷಿ. ಮನುಷ್ಯನ ಧ್ವನಿಗೆ ಮಾತ್ರ ಉತ್ತರ ಕೊಡುತ್ತಿದೆಯಲ್ಲ! ಅಂಥ ಸೂಕ್ಷ್ಮ ಕೆಲಸ ಯಾವ ಎಂಜಿನಿಯರಿಗೆ ಬರುತ್ತೆ?

ಅಣ್ಣ ಮನೆಗೆ ಬಂದ ಮೂರನೇ ವಾರ, ಬಾಚಣಿಗೆಯ ಅಂಗಡಿಯಲ್ಲಿ ಸೇರಿದೆವು. ಅಣ್ಣ ಇಳಿದುಹೋಗಿದ್ದ. ಕುತ್ತಿಗೆಗೆ ಮೆತ್ತನೆ ಬಟ್ಟೆ ಸುತ್ತಿಕೊಂಡಿದ್ದ. ಅವನಿಗೆ ಟೇಲರ್ ಹೊಸ ಕ್ಯಾಪ್ಟನ್ ಕೋಟು ತೊಡಿಸಿದ. ಒಳಗೆ ಒಂದು ಇಂಚು ಬಿಟ್ಟೇ ಹೊಲಿದಿದ್ದ, "ಮೈ ತುಂಬಿಕೊಂಡಾಗ ಬೇಕಲ್ಲ" ಅಂತ. ಈ ಸಲ ನಾನು ಬೈಯಲಿಲ್ಲ.

ನಾನು ಕಂದೀಲನ್ನು ಅಣ್ಣನ ಕೈಗೆ ಕೊಟ್ಟು ಸ್ವಿಚ್ ಹಾಕಿದೆ. ಅಣ್ಣ ಬಗ್ಗಿ, ಕ್ಯಾಪ್ಟನ್ನಿನ ಮೊದಲ ಮಾತು ಹೇಳಿದ. ಕಾಗದ ಸವರಿದ ಹಾಗೆ ಇತ್ತು ಆ ಸದ್ದು.

"ಕಂದೀಲೇ, ಎಚ್ಚರ ಇದೀಯಾ?"

ಕಂದೀಲು ಸುಮ್ಮನಿತ್ತು.

ಅಣ್ಣ ನಕ್ಕ. ಇನ್ನೂ ಹತ್ತಿರ ತಂದು ಮತ್ತೆ ಕೇಳಿದ. ಸುಮ್ಮನಿತ್ತು. ಮೂರನೇ ಸಲ ಕೇಳುವಾಗ ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂತು. ನೋವಿನಿಂದಲೋ ಇನ್ಯಾವುದರಿಂದಲೋ. ಕಂದೀಲು ಜಪ್ಪಯ್ಯ ಅನ್ನಲಿಲ್ಲ.

ನನಗೆ ನೆತ್ತಿ ಸುಟ್ಟುಹೋಯಿತು. "ಏಯ್ ತಗಡು ಮುಂಡೇದೇ! ಕೇಳೋದು ಯಾರು ಅಂತ ಗೊತ್ತಾ ನಿಂಗೆ?" ಅಂತ ಅಬ್ಬರಿಸಿದೆ.

"ಎಚ್ಚರ ಇದ್ದೀನಿ ಕ್ಯಾಪ್ಟನ್. ನೀವು ಮಾತಾಡ್ತಾ ಇರಿ," ಅಂತು ಕಂದೀಲು ನನಗೆ. ಅಣ್ಣನ ಗಂಟಲಲ್ಲಿ!

ಅಂಗಡಿಯ ನಾಲ್ಕು ಕನ್ನಡಿಯಲ್ಲೂ ಅಣ್ಣನ ಮುಖ ಕಂಡಿತು. ಯಾವ ಕಡೆ ತಿರುಗಿದರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವನು ಕಂದೀಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನನ್ನ ಬೆನ್ನು ತಟ್ಟಿ, ಕೋಟು ಬಿಚ್ಚಿ ಮಡಿಚಿಟ್ಟು ಮನೆಗೆ ಹೋದ.

"ಕೂಗಿದ್ರೆ ಮಾತ್ರ ಕೇಳೋ ಕಿವಿ ಇಟ್ಟಿದ್ದೀಯಲ್ಲೋ!" ಅಂದ ಬಾಚಣಿಗೆ.

"ನಾನು ಬೇರೆಯವರ ಅಳತೆ ತಗೊಂಡು ಹೊಲೀತೀನಿ," ಅಂದ ಟೇಲರ್. "ನೀನು ನಿನ್ನ ಬಾಯಿ ಅಳತೆ ತಗೊಂಡಿದ್ದೀಯ."

ನನಗೆ ಮೊದಲ ಸಲ ಯಾರಿಗೆ ಬೈಯಬೇಕು ಅಂತ ತಿಳಿಯಲಿಲ್ಲ.

ಮಾರನೇ ದಿನ ಅಂಗಡಿ ತೆರೆಯಲಿಲ್ಲ. ಕಂದೀಲು ಮುಂದಿಟ್ಟುಕೊಂಡು ಅಡುಗೆಕೋಣೆಯಲ್ಲಿ ಕೂತೆ. ಒಂದು ಗೇಣು ದೂರದ ಪಿಸುಮಾತು ಕೇಳಬೇಕು, ಫ್ಯಾನಿನ ಸದ್ದು ಕೇಳಬಾರದು. ಕೂದಲೆಳೆಯಷ್ಟು ಜಾಗದಲ್ಲಿ ತಿರುಪು ನಿಲ್ಲಬೇಕು. ಅದನ್ನು ಹುಡುಕಬೇಕಾದರೆ ಎದುರಿಗೆ ಯಾರಾದರೂ ಪಿಸುಗುಟ್ಟುತ್ತಿರಬೇಕು. ಪಿಸುಗುಟ್ಟಿದೆ.

ಒಳಕೋಣೆಯಿಂದ ಹೆಂಡತಿ ಕೇಳಿದಳು, "ಯಾಕ್ರೀ ಕೂಗ್ತಿದ್ದೀರಾ?"

"ಕೂಗ್ತಿಲ್ಲ! ಪಿಸುಗುಟ್ತಿದ್ದೀನಿ!"

"ಹಾಗಾದ್ರೆ ಬೀದಿಯವರೆಲ್ಲ ಗುಟ್ಟು ಕೇಳಿಸ್ಕೊಂಡ್ರು ಬಿಡಿ." ಬಂದು ಎದುರು ಕುರ್ಚಿಯಲ್ಲಿ ಕೂತಳು. "ಪಿಸುಮಾತು ಎದೇಲಿಂದ ಬರೋದಲ್ಲ ರೀ, ತುಟೀಲಿ ಬರೋದು. ನಿಧಾನಕ್ಕೆ. ಕಿವಿ ಹತ್ರ ಮಗು ಮಲಗಿದೆ ಅಂದ್ಕೊಳ್ಳಿ."

ಅಂದುಕೊಂಡೆ. ಹತ್ತು ಸಲ ಮಗು ಎದ್ದಿತು. ಹದಿನೈದನೇ ಸಲಕ್ಕೆ ಬೆವರಿಳಿಯಿತು. ಎರಡು ಎಚ್‌ಪಿ ಮೋಟಾರು ಎತ್ತಿದಾಗಲೂ ನಾನು ಇಷ್ಟು ಸೋತಿರಲಿಲ್ಲ! ಆದರೆ ಹೊತ್ತು ಹೋದ ಹಾಗೆ ಗಂಟಲು ಇಳಿಯಿತು. ಮಧ್ಯದಲ್ಲಿ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು.

"ಎರಡು ಗಂಟೆಯಿಂದ ನಿಮ್ಮ ಮನೇಲಿ ಸದ್ದೇ ಇಲ್ಲ. ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ, ಹುಷಾರಾಗ್ತಿದ್ದಾರೆ," ಅಂದಳು ನನ್ನವಳು.

ಮತ್ತೆ ಕೂತೆವು. ಕ್ಯಾಪ್ಟನ್ನಿನ ಮಾತು ಹೇಳಿ ಹೇಳಿ ಬಾಯಿ ಒಣಗಿತ್ತು. "ಬೇರೆ ಏನು ಹೇಳ್ಲೇ?" ಅಂದೆ.

"ಇಪ್ಪತ್ತಮೂರು ವರ್ಷದಲ್ಲಿ ನನಗೆ ಕೂಗದೇ ಹೇಳ್ಬೇಕಾದ ಮಾತು ಒಂದೂ ಇಲ್ವಾ?"

ಯೋಚಿಸಿದೆ. ತಿರುಪು ಚೂರು ಎಡಕ್ಕೆ ತಿರುಗಿಸಿ, ಸ್ವಿಚ್ ಆರಿಸಿ ಮತ್ತೆ ಹಾಕಿ, ಮೇಜಿನ ಮೇಲೆ ಬಗ್ಗಿ ಒಂದು ಮಾತು ಹೇಳಿದೆ. ಏನು ಅಂತ ನಿಮಗೆ ಹೇಳುವುದಿಲ್ಲ, ಅದು ಮನೆ ವಿಷಯ. ಅವಳು ಎದ್ದು, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದಳು. ಆಗ ನಡುವೆ ಇದ್ದ ಕಂದೀಲು ಬಾಯಿ ತೆಗೆಯಿತು:

"ಎಚ್ಚರ ಇದ್ದೀನಿ ಕ್ಯಾಪ್ಟನ್. ನೀವು ಮಾತಾಡ್ತಾ ಇರಿ."

ನಾನು ಹೆಂಡತಿಗೆ ಹೇಳಿದ್ದಕ್ಕೆ ಅಣ್ಣ ಯಾಕೆ ಉತ್ತರ ಕೊಡಬೇಕು! ಬೈಯೋಣ ಅಂತ ಎದ್ದವನಿಗೆ ಅದು ಪಿಸುಮಾತು ಕೇಳಿಸಿಕೊಂಡಿತು ಅಂತ ಹೊಳೆಯಿತು. ತಿರುಪು ಅಲುಗದ ಹಾಗೆ ಅದರ ಮೇಲೆ ಒಂದು ಹನಿ ಅಂಟು ಬಿಟ್ಟು, ಉಸಿರು ಬಿಗಿಹಿಡಿದು ಕೂತೆ.

ಸಂಜೆ ನಾವಿಬ್ಬರೂ ಕಂದೀಲು ಹಿಡಿದು ಅಣ್ಣನ ಮನೆಗೆ ಹೋದೆವು. ಅವನು ಕಿಟಕಿ ಪಕ್ಕ ಕುರ್ಚಿಯಲ್ಲಿದ್ದ. ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. ಅಣ್ಣ ಕಂದೀಲನ್ನು ನೋಡಿ ಬೇಡ ಅನ್ನುವ ಹಾಗೆ ಕೈಯಾಡಿಸಿದ. ನಾನು ಸ್ವಿಚ್ ಹಾಕಿ ಅವನ ತೊಡೆಯ ಮೇಲಿಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಬಗ್ಗಿದ.

"ಕಂದೀಲೇ, ಎಚ್ಚರ ಇದೀಯಾ?"

"ಎಚ್ಚರ ಇದ್ದೀನಿ ಕ್ಯಾಪ್ಟನ್. ನೀವು ಮಾತಾಡ್ತಾ ಇರಿ!"

ಮನೆಯೇ ಗುಂಯ್ ಅಂತು. ಒಳಗಿಂದ ಅತ್ತಿಗೆ ಹಳೇ ಅಭ್ಯಾಸದಲ್ಲಿ ಕೂಗಿದರು, "ಬಂದೇ, ಬಂದೇ! ಯಾಕಷ್ಟು ಅರಚ್ತೀರಿ!"

ಆ ಕೂಗೂ ಕಂದೀಲಿನ ಕಿವಿಗೆ ಬಿತ್ತು.

"ನಿಧಾನ. ಅವಸರ ಏನಿಲ್ಲ. ದಾರಿ ನನಗೆ ಗೊತ್ತು," ಅಂತು ಕಂದೀಲು.

ಅತ್ತಿಗೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅಣ್ಣನನ್ನು ನೋಡಿದರು, ಕಂದೀಲನ್ನು ನೋಡಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಣ್ಣ ಕಂದೀಲಿನ ಕಿವಿಯ ತೂತಿಗೆ ಹೆಬ್ಬೆರಳು ಒತ್ತಿ ಅದನ್ನು ಸುಮ್ಮನಾಗಿಸಿ, ಹೆಂಡತಿಯನ್ನು ಹತ್ತಿರ ಕರೆದು ಪಿಸುಗುಟ್ಟಿದ:

"ನಾನು ಇಷ್ಟು ಜೋರಾಗಿ ಮಾತಾಡ್ತಿದ್ನಾ? ಇಷ್ಟು ವರ್ಷ ಹೇಗೆ ಸಹಿಸ್ಕೊಂಡೆ?"

"ಸಹಿಸ್ಕೊಂಡಿದ್ದಾ?" ಅಂದರು ಅತ್ತಿಗೆ. "ನಾನು ಕೇಳ್ತಾ ಇದ್ದೆ."

ನನ್ನ ಎದೆ ಉಬ್ಬಿತು. ಜೋರು ಗಂಟಲಿನ ಗಂಡಸರಿಗೆ ಲೋಕದಲ್ಲಿ ಇಂಥ ಗೌರವವೂ ಉಂಟಲ್ಲ! ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ನೀನೂ ಹಾಗೇನೇ ಅಲ್ವಾ?" ಅಂದೆ.

"ಇಲ್ಲ ರೀ," ಅಂದಳು. "ನಾನು ಸಹಿಸ್ಕೊಂಡೇ ಇದ್ದೀನಿ."

"ಏನಂದೆ ನೀನು?" ಅಂತ ಅಬ್ಬರಿಸಲು ಬಾಯಿ ತೆಗೆದೆ. ಅಣ್ಣ ನನ್ನ ಮುಖವನ್ನೇ ನೋಡುತ್ತಾ, ಕಂದೀಲಿನ ಕಿವಿಯ ಮೇಲಿಂದ ಮೆಲ್ಲಗೆ ಹೆಬ್ಬೆರಳು ತೆಗೆದ.

ನಾನು ಬಾಯಿ ಮುಚ್ಚಿಕೊಂಡೆ.